ಎರಡನೇ ಬ್ರೇಕು

ಜನವರಿ 18

ಮಗಳಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ತಪ್ಪು ಎಂದು ಹೇಳುತ್ತಿಲ್ಲ. ಎತ್ತಿದರೂ ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ, ಅದು ನಿನಗೆ ಗೊತ್ತಿದ್ದದ್ದೇ. ಈ ಮನೆಯ ಮಾತೆಲ್ಲ ನಿನ್ನ ಅಮ್ಮನ ಪಾಲಿಗಿತ್ತು. ನಾನು ಪಕ್ಕದಲ್ಲಿ ನಿಂತು "ಊಟ ಆಯ್ತಾ ಕೇಳು" ಎನ್ನುತ್ತಿದ್ದೆ, ಅವಳು "ನಿಮ್ಮಪ್ಪ ಊಟ ಆಯ್ತಾ ಅಂತಿದ್ದಾರೆ, ಬಾಯಿಲ್ಲ ಪಾಪ ಅವರಿಗೆ" ಎಂದು ದಾಟಿಸುತ್ತಿದ್ದಳು. ಈಗ ದಾಟಿಸುವವರಿಲ್ಲ. ಅದಕ್ಕೇ ಕಾಗದ.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಮುಂದಿನ ಕೋಣೆಯಲ್ಲಿ ಅವಳ ಮೇಜು, ಮೇಜಿನ ಮೇಲೆ ಫೋನು. ನನ್ನ ಹತ್ತಿರ ಡ್ರೈವಿಂಗ್ ಕಲಿಯುವವರು ಇನ್ನೂ ಅದಕ್ಕೇ ಮಾಡುತ್ತಾರೆ. ಹಳಬರಿಗೆ ವಿಷಯ ಗೊತ್ತು. ಹೊಸಬರು "ಅಮ್ಮ ಇಲ್ವಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. "ಎಷ್ಟೊತ್ತಿಗೆ ಬರ್ತಾರೆ?" ಎನ್ನುತ್ತಾರೆ. ಆಗ ನಾನು ಏನಾದರೂ ಒಂದು ಹೊತ್ತು ಹೇಳಿ ಇಟ್ಟುಬಿಡುತ್ತೇನೆ.

ನಿನ್ನ ತಮ್ಮ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಅವಳ ಬಟ್ಟೆಗಳನ್ನು ಹಾಗೇ ಇಟ್ಟರೆ ಹುಳ ಬೀಳುತ್ತದೆ, ಅಕ್ಕನಿಗೆ ಬೇಕಾದ್ದನ್ನು ತೆಗೆದಿಡಿ ಎಂದ. ಹಸಿರು ಶಾಲು ತೆಗೆದಿಟ್ಟಿದ್ದೇನೆ. ಕಳಿಸಲೇ, ಇಲ್ಲಾ ನೀನೇ ಬರುತ್ತೀಯಾ?

ಕಾರು ತೊಳೆದೆ. ಆ ದಿನ ನೀನು ಓಡಿಸಲು ಕೂತಾಗ ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದೆಯಲ್ಲ, ಅದನ್ನು ಹಿಂದೆ ಸರಿಸಿಲ್ಲ. ಉದ್ದ ಕಾಲಿನವರು ಕಲಿಯಲು ಬಂದರೆ ಮೊಣಕಾಲು ಸ್ಟೀರಿಂಗಿಗೆ ತಗಲುತ್ತದೆ. ಸೀಟು ಸಿಕ್ಕಿಕೊಂಡಿದೆ, ರಿಪೇರಿ ಆಗಬೇಕು ಎನ್ನುತ್ತೇನೆ.

ಆ ದಿನದ ವಿಷಯ ಬರೆಯಬೇಕೆಂದೇ ಕೂತೆ. ಅಷ್ಟರಲ್ಲಿ ಕಾಗದ ತುಂಬಿತು.

ಅಪ್ಪ


ಫೆಬ್ರವರಿ 11

ಅಪ್ಪ,

ಶಾಲು ಕಳಿಸಬೇಡಿ.

ಕಾಗದ ತುಂಬಿತು ಎಂದು ಬರೆದಿದ್ದೀರಿ. ಅರ್ಧ ಹಾಳೆ ಖಾಲಿಯಿತ್ತು. ಆ ಖಾಲಿಯಲ್ಲಿ ಏನು ಬರಬೇಕಿತ್ತೋ ಅದನ್ನು ನಾನೇ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲವೆಂದಲ್ಲ. ನಾನು ಕೂತಿದ್ದ ಸೀಟಿನಿಂದ ಅದು ಹೇಗೆ ಕಂಡಿತು ಎಂಬುದು ನಿಮಗೆ ಗೊತ್ತಿಲ್ಲ.

ರೈಲು ತಡವಾಯಿತು. ನಾನು ಆಸ್ಪತ್ರೆಯ ಗೇಟಿನ ಹತ್ತಿರ ಇಳಿಯುವಾಗ ಅಮ್ಮನನ್ನು ವ್ಯಾನಿಗೆ ಹತ್ತಿಸಿ ಬಾಗಿಲು ಹಾಕಿಯಾಗಿತ್ತು. ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ಅಕ್ಕಾ, ಈಗ ತೆಗೆಸೋಕಾಗಲ್ಲ, ಚಿತಾಗಾರದಲ್ಲಿ ಹೊತ್ತು ಕೊಟ್ಟುಬಿಟ್ಟಿದ್ದಾರೆ. ಅಲ್ಲಿ ಒಂದ್ಸಲ ಮುಖ ತೋರಿಸ್ತಾರೆ, ಅಲ್ಲೇ ನೋಡ್ಕೋ" ಎಂದು ವ್ಯಾನ್ ಹತ್ತಿದ. ಕಾರನ್ನು ನಾನು ಓಡಿಸುತ್ತೇನೆ ಎಂದೆ. ನೀವು ಪಕ್ಕದಲ್ಲಿ ಕೂತಿರಿ. ನಿಮ್ಮ ಎಂದಿನ ಜಾಗ. ಕಲಿಯುವವರು ಗಾಬರಿಯಾದಾಗ ಮೇಷ್ಟ್ರು ಒತ್ತಲೆಂದು ಹಾಕಿಸಿದ ಎರಡನೇ ಬ್ರೇಕು ನಿಮ್ಮ ಕಾಲಡಿಯಲ್ಲೇ ಇತ್ತು. ನನಗೆ ಅದರ ನೆನಪೇ ಇರಲಿಲ್ಲ. ಅದರ ಪಾಡಿಗೆ ಅದು ಇತ್ತು.

ಮಾರುಕಟ್ಟೆ ಸರ್ಕಲ್ಲಿನವರೆಗೂ ವ್ಯಾನಿನ ಬಾಲ ಹಿಡಿದುಕೊಂಡೇ ಬಂದೆ. ಹಸಿರು ದೀಪ ಇತ್ತು. ವ್ಯಾನ್ ದಾಟಿತು. ನಾನೂ ಕಾಲೊತ್ತಿದೆ. ಕಾರು ಧಡ್ ಎಂದು ಗೆರೆಯ ಮೇಲೆ ನಿಂತಿತು. ಎಂಜಿನ್ ಆಫ್ ಆಯಿತೇನೋ ಅಂದುಕೊಂಡು ಕೆಳಗೆ ನೋಡಿದೆ. ನಿಮ್ಮ ಕಾಲು ಕಂಡಿತು.

ಹಿಂದಿನವರೆಲ್ಲ ಹಾರ್ನ್ ಹೊಡೆದರು. ಆಮೇಲೆ ನಮ್ಮನ್ನು ಬಳಸಿಕೊಂಡು ಒಂದು ಬಿಳಿ ಕಾರು ನುಗ್ಗಿತು, ಅದರ ಹಿಂದೆ ಒಂದು ಸರಕಿನ ಲಾರಿ, ಸಂದಿಯಲ್ಲೆಲ್ಲ ಬೈಕುಗಳು. ಆ ಕಡೆಯ ರಸ್ತೆಯಿಂದ ಒಂದು ಬಸ್ಸು. ನೀವು ಎಲ್ಲರಿಗೂ ಮೊದಲನೇ ದಿನ ಕರೆದುಕೊಂಡು ಹೋಗಿ ತೋರಿಸುತ್ತೀರಲ್ಲ, "ನೋಡಿ, ಸರ್ಕಲ್ ಮಧ್ಯೆ ಬಳಿದಿರೋ ಈ ಹಳದಿ ಚೌಕ ಇದೆಯಲ್ಲ, ಇದು ಯಾರಪ್ಪಂದೂ ಅಲ್ಲ, ಇದರ ಮೇಲೆ ನಿಲ್ಲೋ ಹಕ್ಕು ಯಾರಿಗೂ ಇಲ್ಲ, ಆ ಕಡೆ ಜಾಗ ಇದ್ರೆ ಮಾತ್ರ ಇದಕ್ಕೆ ಇಳೀಬೇಕು" ಅಂತ, ಆ ಚೌಕ ಉಸಿರು ಬಿಡುವುದರೊಳಗೆ ತುಂಬಿಹೋಯಿತು. ದೀಪ ಕೆಂಪಾಯಿತು, ಹಸಿರಾಯಿತು, ಮತ್ತೆ ಕೆಂಪಾಯಿತು. ಒಂದು ಚಕ್ರವೂ ಉರುಳಲಿಲ್ಲ. ನಾನು ಇಳಿದು ಹೋಗಿ ಬಿಳಿ ಕಾರಿನ ಗಾಜು ಬಡಿದೆ. "ಸ್ವಲ್ಪ ಹಿಂದೆ ತಗೊಳ್ಳಿ, ನಮ್ಮಮ್ಮನ್ನ ಕರ್ಕೊಂಡು ಹೋಗ್ತಿದ್ದಾರೆ" ಎಂದೆ. ಅವನು ಕೆಟ್ಟವನಂತೆಯೂ ಇರಲಿಲ್ಲ. "ನಾನೆಲ್ಲಿಗೆ ತಗೊಳ್ಳಲಿ, ನೀವೇ ಹಿಂದೆ ನೋಡಿ" ಎಂದು ಗಾಜು ಏರಿಸಿಕೊಂಡ. ಓಡಿಹೋಗೋಣವೆಂದರೆ ಚಿತಾಗಾರ ಊರಾಚೆ. ಬೇರೆ ಗಾಡಿ ಹಿಡಿಯೋಣವೆಂದರೆ ಯಾವ ಗಾಡಿಯೂ ಅಲುಗುತ್ತಿಲ್ಲ.

ಎಷ್ಟೋ ಹೊತ್ತಿನ ಮೇಲೆ ನಿಮಗೆ ತಮ್ಮನ ಫೋನ್ ಬಂತು. ಅವನು ಕೂಗಿ ಮಾತಾಡುತ್ತಿದ್ದ, ನನಗೂ ಕೇಳಿಸಿತು. ನಮ್ಮ ಹೊತ್ತು ಮೀರಿದೆ, ನಮ್ಮ ನಂತರದವರು ಬಂದು ಅಳುತ್ತ ನಿಂತಿದ್ದಾರೆ, ಏನು ಮಾಡಲಿ ಎಂದ. ನೀವು, "ಹಿಂದೆ ಇನ್ನೊಬ್ರು ಕಾಯ್ತಿದ್ದಾರಲ್ಲಪ್ಪ. ಮುಗಿಸ್ಬಿಡಿ" ಎಂದಿರಿ.

ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ನೀವು ಆಸ್ಪತ್ರೆಯಲ್ಲಿ ಕೊನೆಯವರೆಗೂ ಅವಳನ್ನು ನೋಡುತ್ತ ಇದ್ದಿರಿ. ತಮ್ಮನೂ ನೋಡಿದ. ನಾನು ನೋಡಲಿಲ್ಲ. ಆ ದಿನ ಊರಿಗೆ ಊರೇ ನುಗ್ಗಿತು. ನುಗ್ಗದೆ ನಿಂತವರು ನಾವಿಬ್ಬರೇ. ನುಗ್ಗಿದವರೆಲ್ಲ ಕತ್ತಲಾಗುವುದರೊಳಗೆ ತಮ್ಮ ತಮ್ಮ ಮನೆ ಸೇರಿ, ತಮ್ಮ ತಮ್ಮ ಅಮ್ಮಂದಿರ ಮುಖ ನೋಡಿರುತ್ತಾರೆ.

ಒಂದೇ ಒಂದು ಕೇಳುತ್ತೇನೆ. ನೀವು ಬ್ರೇಕ್ ಒತ್ತಿದಾಗ ಚೌಕದ ಆ ಕಡೆ ನಮ್ಮ ಕಾರಿಗೆ ಜಾಗ ಇತ್ತೋ, ಇಲ್ಲವೋ? ನೀವು ಮೇಷ್ಟ್ರು. ನೀವೇ ಹೇಳಿ.

ನಿಮ್ಮ ಮಗಳು


ಮಾರ್ಚ್ 2

ಮಗಳಿಗೆ,

ನಿನ್ನ ಕಾಗದ ಬಂತು. ಓದಿದೆ. ಮತ್ತೆ ಓದಿದೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ, ಇವತ್ತು ಕೈಲಾಗುವುದಿಲ್ಲ.

ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಒರಗುವುದು ಮೊದಲಿನಿಂದ ಅಭ್ಯಾಸ. ಕಣ್ಣು ಹತ್ತಿದ ಕೂಡಲೇ ನನ್ನ ಬಲಗಾಲು ಮಂಚದ ಪಟ್ಟಿಯನ್ನು ಒದೆಯುತ್ತದೆ. ಕನಸಿನಲ್ಲೂ ಯಾರೋ ಕಲಿಯುವವರು ಎಲ್ಲಿಗೋ ನುಗ್ಗುತ್ತಿರುತ್ತಾರೆ. ಇದು ಹೊಸದಲ್ಲ. ನೀನು ಚಿಕ್ಕವಳಿದ್ದಾಗಲೂ ಇತ್ತು. "ಬ್ರೇಕ್ ಮೇಷ್ಟ್ರು ಅಂತ ಜನ ಸುಮ್ನೆ ಕರೀತಾರಾ, ಈ ಮನುಷ್ಯ ಮಂಚಾನೂ ನಿಲ್ಲಿಸ್ತಾರೆ" ಎಂದು ನಿನ್ನ ಅಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಆದರೆ ಕಾಲು ಒದ್ದ ಸದ್ದು ಕೇಳಿದರೆ, ಪಾತ್ರೆ ತೊಳೆಯುತ್ತಿದ್ದ ಕಡೆಯಿಂದಲೇ, ಕೈ ನಿಲ್ಲಿಸದೆ ಹೇಳುತ್ತಿದ್ದಳು, "ರಸ್ತೆ ಖಾಲಿ ಇದೆ, ಮಲ್ಕೊಳ್ಳಿ." ಅಷ್ಟೇ. ಕಾಲು ಸುಮ್ಮನಾಗುತ್ತಿತ್ತು. ನನಗೆ ಎಚ್ಚರವೂ ಆಗುತ್ತಿರಲಿಲ್ಲ. ಹಾಗೆ ಹೇಳುತ್ತಾಳೆಂದು ನೀವು ಮಕ್ಕಳು ಹೇಳಿಯೇ ನನಗೆ ಗೊತ್ತಾದದ್ದು.

ಈಗ ಒದ್ದ ಸದ್ದಿಗೆ ನಾನೇ ಎದ್ದು ಕೂರುತ್ತೇನೆ.

ಪಾಠಕ್ಕೆ ಹೋದಾಗ ಎರಡೂ ಕಾಲು ಸೀಟಿನ ಕೆಳಗೆ ಮಡಚಿ ಇಟ್ಟುಕೊಳ್ಳುತ್ತಿದ್ದೇನೆ. ಬಲಗಾಲಿನ ಮೇಲೆ ನನಗೆ ನಂಬಿಕೆ ಹೋಗಿದೆ.

ಶಾಲು ಇಲ್ಲೇ ಇರಲಿ. ಅವಳ ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಚಳಿಗಾಲ ಮುಗಿಯಿತು, ಆದರೂ ಇರಲಿ.

ಅಪ್ಪ


ಮಾರ್ಚ್ 30

ಅಪ್ಪ,

ಇಲ್ಲಿ ಕೆಲಸ ಜಾಸ್ತಿ. ಶಾಲೆಯ ಪರೀಕ್ಷೆ ಹತ್ತಿರ ಬಂದಾಗ ಕನ್ನಡಕದ ಅಂಗಡಿಗೆ ಮಕ್ಕಳನ್ನು ಕರೆತರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರ ಕಣ್ಣು ನೋಡುತ್ತೇನೆ. "ಇದು ಸರಿಯಾಗಿ ಕಾಣುತ್ತಾ, ಅದು ಸರಿಯಾಗಿ ಕಾಣುತ್ತಾ" ಎಂದು ಕೇಳಿ ಕೇಳಿ, ಮನೆಗೆ ಬಂದ ಮೇಲೆ ಯಾರ ಹತ್ತಿರವೂ ಏನನ್ನೂ ಕೇಳಬೇಕು ಅನಿಸುವುದಿಲ್ಲ.

ರಸ್ತೆ ಖಾಲಿ ಇದೆ ಎನ್ನುತ್ತಿದ್ದದ್ದನ್ನು ನಾನು ಮರೆತಿದ್ದೆ. ನೀವು ನೆನಪಿಸಬಾರದಿತ್ತು.

ನನಗೆ ಬೇರೊಂದು ನೆನಪಾಯಿತು. ನಾವು ನಾಲ್ಕೂ ಜನ ಎಲ್ಲಿಗಾದರೂ ಹೋಗುವಾಗ ಯಾರೋ ಸರ್ಕಲ್ಲಿನ ಮಧ್ಯೆ ಗಾಡಿ ತಂದು ಅಡ್ಡ ನಿಲ್ಲಿಸಿದರೆ ನೀವು ಹಲ್ಲು ಕಚ್ಚುತ್ತಿದ್ದಿರಿ. ಅಮ್ಮ ಹಿಂದಿನ ಸೀಟಿನಿಂದ ಅವರಿಗೊಂದು ನೆಪ ಹುಡುಕಿ ಕೊಡುತ್ತಿದ್ದಳು. "ಬೈಬೇಡಿ, ಅವನಿಗೆ ಹೊಟ್ಟೆ ಕೆಟ್ಟಿದೆ, ಮುಖ ನೋಡಿ." "ಆಯಮ್ಮ ಒಲೆ ಮೇಲೆ ಹಾಲಿಟ್ಟು ಬಂದಿದ್ದಾಳೆ, ಈಗ ಜ್ಞಾಪಕ ಬಂದಿದೆ." ಆ ದಪ್ಪ ಮೀಸೆಯ ಲಾರಿಯವನಿಗೆ "ಇವತ್ತು ಹೆಣ್ಣು ನೋಡೋಕೆ ಹೋಗ್ತಿದ್ದಾನೆ, ಈ ವಯಸ್ಸಲ್ಲಿ ಮತ್ತೆ ಸಿಗತ್ತಾ, ಬಿಡಿ" ಎಂದಾಗ ತಮ್ಮ ನಕ್ಕು ನಕ್ಕು ನೀರು ಚೆಲ್ಲಿಕೊಂಡಿದ್ದ.

ಆ ಬಿಳಿ ಕಾರಿನವನಿಗೆ ನಾನೂ ಒಂದು ನೆಪ ಹುಡುಕುತ್ತಿದ್ದೇನೆ. ಹೊಟ್ಟೆ ಕೆಟ್ಟಿತ್ತು ಎಂದು ನೋಡಿದೆ, ಹಾಲು ಉಕ್ಕುತ್ತಿತ್ತು ಎಂದು ನೋಡಿದೆ. ಯಾವುದೂ ಹೊಂದುತ್ತಿಲ್ಲ. ಅವಳಿಗೆ ಬಂದ ಹಾಗೆ ನನಗೆ ಬರುವುದಿಲ್ಲ.

ನಿಮಗೂ ಹುಡುಕಿದೆ.

ನನ್ನ ಪ್ರಶ್ನೆ ಇಟ್ಟಲ್ಲೇ ಇದೆ.

ನಿಮ್ಮ ಮಗಳು


ಜೂನ್ 14

ಮಗಳಿಗೆ,

ಬರೆಯಲು ತಡವಾಯಿತು. ಒಂದು ವಿಷಯ ನಡೆಯಿತು, ಅದನ್ನು ಹೇಳಿ ನಿನ್ನ ಪ್ರಶ್ನೆಗೆ ಬರುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳಲ್ಲ, ಆ ಹೆಂಗಸು ಕಾರು ಕಲಿಯಲು ಬರುತ್ತಿದ್ದಳು. ಕೈ ಚೆನ್ನಾಗಿ ಕೂತಿತ್ತು, ಸ್ಟೀರಿಂಗ್ ತಿರುಗಿಸುವುದು ಬಟ್ಟೆ ತಿರುಗಿಸಿದ ಹಾಗೇ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಮೊನ್ನೆ ಮಾರುಕಟ್ಟೆ ಸರ್ಕಲ್ಲಿಗೆ ಬಂದೆವು. ನಾನು ಆ ದಾರಿ ಬಿಟ್ಟು ತಿಂಗಳುಗಳಾಗಿದ್ದವು. ರಸ್ತೆ ಅಗೆದಿದ್ದಾರೆಂದು ಅವಳೇ ಅತ್ತ ತಿರುಗಿಸಿಬಿಟ್ಟಳು. ದೀಪ ಹಸಿರಿತ್ತು. ಮುಂದೆ ಸಾಲು ನಿಂತಿತ್ತು. ಚೌಕದ ಆಚೆ ಜಾಗ ಇರಲಿಲ್ಲ. ನೋಡಿದೆ. ಬಾಯಿ ತೆರೆದು ನಿಲ್ಲಿಸಿ ಎನ್ನುವಷ್ಟು ಹೊತ್ತೂ ಇತ್ತು. ಕಾಲು ಸೀಟಿನ ಕೆಳಗಿತ್ತು. ನಾನು ಕಾಲನ್ನೂ ತೆಗೆಯಲಿಲ್ಲ, ಬಾಯನ್ನೂ ತೆಗೆಯಲಿಲ್ಲ.

ಚೌಕದ ನಟ್ಟನಡುವೆ ಹೋಗಿ ಸಿಕ್ಕಿಕೊಂಡೆವು. ದೀಪ ಬದಲಾಯಿತು. ನಾಲ್ಕೂ ಕಡೆಯಿಂದ ಗಾಡಿಗಳು ಬಂದು ಕಾರಿಗೆ ಮೂತಿ ತಾಗಿಸಿ ನಿಂತವು. ಎಷ್ಟು ಬೈದರು ಎನ್ನುತ್ತೀ! ಒಬ್ಬ ಬೈಕಿನವನು ಕಾರಿನ ಮೇಲಿನ ಬೋರ್ಡ್ ತಟ್ಟಿ, "ಥೂ, ಮೇಲೆ ತರಬೇತಿ ಶಾಲೆ ಅಂತ ಬರ್ಕೊಂಡಿದ್ದೀರಲ್ರೀ! ಇದನ್ನೇ ಕಲಿಸೋದಾ?" ಎಂದ. ಪಕ್ಕದ ಗಾಡಿಯಲ್ಲಿ ಒಬ್ಬಳು ಕೂತಿದ್ದಳು, ಚಿಕ್ಕ ವಯಸ್ಸು, ಮಡಿಲಲ್ಲಿ ಕೈಚೀಲ. ಅವಳು ಬೈಯಲಿಲ್ಲ. ನಮ್ಮನ್ನೇ ನೋಡುತ್ತಿದ್ದಳು. ಎಲ್ಲಿಗೆ ಹೊರಟಿದ್ದಳೋ. ನಾನು ತಲೆ ತಗ್ಗಿಸಿದೆ. ಆ ಹೊಲಿಗೆಯವಳು ಸ್ಟೀರಿಂಗ್ ಬಿಟ್ಟು ಅಳಲು ಶುರುಮಾಡಿದಳು. "ಮೇಷ್ಟ್ರೇ, ನೀವಿದ್ದೀರಿ ಅನ್ನೋ ಧೈರ್ಯದಲ್ಲಿ ಬಂದೆ. ಯಾಕೆ ಒತ್ತಲಿಲ್ಲ?" ಎಂದಳು.

ಮಾರನೆಯ ದಿನ ಮೆಕ್ಯಾನಿಕ್ ಹತ್ತಿರ ಹೋಗಿ ಎರಡನೇ ಬ್ರೇಕನ್ನು ಬಿಚ್ಚಿಸಿಬಿಟ್ಟೆ. "ಇದನ್ನ ತೆಗೆದ್ರೆ ನೀವು ಮೇಷ್ಟ್ರಲ್ಲ, ಬರೀ ಪ್ಯಾಸೆಂಜರು" ಎಂದ ಅವನು. ಹೌದಪ್ಪ, ಹಾಗೇ ಮಾಡು ಎಂದೆ. ಪೆಡಲ್ಲನ್ನು ಒಂದು ಹಳೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಒತ್ತುವ ಜಾಗದಲ್ಲಿ ರಬ್ಬರ್ ಸವೆದು ಕಬ್ಬಿಣ ಬೆಳ್ಳಗಾಗಿದೆ. ಮೇಜಿನ ಮೇಲೆ ಇಟ್ಟಿದ್ದೇನೆ. ಫೋನ್ ಬಂದರೆ ಶಾಲೆ ಮುಚ್ಚಿದೆ ಎನ್ನುತ್ತೇನೆ. ಅಮ್ಮ ಇಲ್ಲವಾ ಎಂದು ಕೇಳುವವರೂ ಇನ್ನು ಇರುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಜಾಗ ಇತ್ತು. ನೀನು ಸರಿಯಾಗಿಯೇ ಓಡಿಸುತ್ತಿದ್ದೆ. ನನ್ನ ಕಾಲಿನದೇ ತಪ್ಪು.

ಅಪ್ಪ


ಜುಲೈ 6

ಅಪ್ಪ,

ಮೊದಲು ಆ ಪೆಡಲ್ ತೆಗೆದುಕೊಂಡು ಹೋಗಿ ಇದ್ದ ಜಾಗಕ್ಕೆ ಹಾಕಿಸಿ. ಆಮೇಲೆ ಮುಂದೆ ಓದಿ.

ಕಳೆದ ವಾರ ನಾನು ಕೂತಿದ್ದ ಬಸ್ಸು ಇಲ್ಲಿಯ ಸರ್ಕಲ್ಲಿನಲ್ಲಿ ಹಾಗೇ ನಡುವೆ ಹೋಗಿ ನಿಂತುಬಿಟ್ಟಿತು. ಯಾರೋ ಹೊರಗಿನಿಂದ ತಗಡು ಬಡಿದರು. ಗಂಡಸೋ ಹೆಂಗಸೋ ಕಾಣಲಿಲ್ಲ, ಬಡಿಯುವುದು ಮಾತ್ರ ನನ್ನ ಸೀಟಿನ ಹತ್ತಿರವೇ ಕೇಳುತ್ತಿತ್ತು. ಡ್ರೈವರ್ "ನಾನೆಲ್ಲಿಗೆ ತಗೊಳ್ಳಲಿ" ಎಂದ. ಅದೇ ಮಾತು. ಬಸ್ಸಿನಲ್ಲಿದ್ದವರೆಲ್ಲ ತಲೆ ತಗ್ಗಿಸಿ ಫೋನ್ ನೋಡುತ್ತ ಕೂತೆವು. ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಯಾರು ಬಡಿಯುತ್ತಿದ್ದಾರೆಂದು ನಾನೂ ಎದ್ದು ನೋಡಲಿಲ್ಲ.

ಜಾಗ ಇರಲಿಲ್ಲ ಅಪ್ಪ. ನೀವು ಸುಳ್ಳು ಬರೆದಿದ್ದೀರಿ. ನನ್ನ ಕಣ್ಣು ಸರಿಯಾಗಿದೆ. ಅಮ್ಮನ ವ್ಯಾನಿನ ಹಿಂಬಾಗಿಲು ಚೌಕದ ಆಚೆಯ ಗೆರೆಗೆ ಅಂಟಿಕೊಂಡ ಹಾಗೆ ನಿಂತಿತ್ತು, ನಡುವೆ ಒಬ್ಬ ಮನುಷ್ಯ ಅಡ್ಡ ಹಾಯುವಷ್ಟೂ ಇರಲಿಲ್ಲ. ಗೊತ್ತಿದ್ದೇ ಕಾಲೊತ್ತಿದೆ. ಮಧ್ಯೆ ಸಿಕ್ಕಿಕೊಂಡರೆ ಸಿಕ್ಕಿಕೊಳ್ಳಲಿ, ನಾಲ್ಕು ರಸ್ತೆಯ ಜನವೂ ಬೈಯಲಿ, ಆ ಬಾಗಿಲು ಇನ್ನೊಂದು ಗಳಿಗೆ ಕಣ್ಣಿಗೆ ಕಾಣಲಿ ಅನಿಸಿತ್ತು. ನಾನೂ ಬಿಳಿ ಕಾರೇ ಆಗುತ್ತಿದ್ದೆ.

ಇಷ್ಟು ದಿನ ಆ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ನೀವು "ಇರಲಿಲ್ಲ" ಎಂದು ಬರೆದಿದ್ದರೆ ಜಗಳ ಮುಂದುವರಿಸುತ್ತಿದ್ದೆ. "ಇತ್ತು" ಎಂದು ಬರೆದುಬಿಟ್ಟಿರಿ. ಜಗಳ ಮಾಡಲಿಕ್ಕೂ ಜಾಗ ಬಿಟ್ಟುಕೊಡುವವರ ಹತ್ತಿರ ಏನು ಮಾಡುವುದು?

ಫೋನಿನಲ್ಲಿ "ಮುಗಿಸ್ಬಿಡಿ" ಎಂದದ್ದು ಬೇರೆ. ಅದು ನನ್ನಲ್ಲಿ ಇನ್ನೂ ಕರಗಿಲ್ಲ. ಕರಗುತ್ತದೆಂದು ಮಾತೂ ಕೊಡುವುದಿಲ್ಲ.

ಒಂದು ಕೆಲಸ ಮಾಡಿ. ಅಮ್ಮನ ಮುಖ ಕೊನೆಗೆ ಹೇಗಿತ್ತು, ಬರೆಯಿರಿ. ತಮ್ಮನನ್ನು ಕೇಳಿದರೆ "ಶಾಂತವಾಗಿತ್ತು" ಎನ್ನುತ್ತಾನೆ. ಎಲ್ಲರೂ ಹಾಗೇ ಹೇಳುತ್ತಾರೆ, ನನಗೆ ಅದು ಬೇಡ. ನೀವು ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ. ಕಾಗದ ತುಂಬಿದರೆ ಇನ್ನೊಂದು ಹಾಳೆ ತೆಗೆದುಕೊಳ್ಳಿ.

ನಿಮ್ಮ ಹಾರ್ನು


ಜುಲೈ 19

ಹಾರ್ನು,

ಈ ಹೆಸರು ಬರೆದು ಎಷ್ಟೋ ಕಾಲವಾಯಿತು. ನೀನು ಹುಟ್ಟಿದ ದಿನ ಅತ್ತದ್ದು ಕೇಳಿ ಅವಳೇ ಇಟ್ಟದ್ದು. "ನಿಮ್ಮ ಮನೆಗೆ ತಕ್ಕ ಮಗು, ಹಾರ್ನ್ ಸಮೇತ ಬಂದಿದೆ" ಎಂದಿದ್ದಳು.

ಪೆಡಲ್ ಹಾಕಿಸಿದೆ. ಮೆಕ್ಯಾನಿಕ್ ಏನೂ ಕೇಳಲಿಲ್ಲ. ಹೊಲಿಗೆಯವಳು ಸೋಮವಾರದಿಂದ ಬರುತ್ತಾಳಂತೆ.

ನಿನ್ನ ಅಮ್ಮನ ಮುಖದ ವಿಷಯ. ನನಗೆ ಚೆನ್ನಾಗಿ ಬರೆಯಲು ಬರುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ತೆಳ್ಳಗಾಗಿದ್ದಳು. ಮೂಗು ಸ್ವಲ್ಪ ಚೂಪಾಗಿ ಕಾಣುತ್ತಿತ್ತು. ಹುಬ್ಬುಗಳ ನಡುವೆ ಯಾವಾಗಲೂ ಒಂದು ಗೆರೆ ಇರುತ್ತಿತ್ತಲ್ಲ, ಸೂಜಿಗೆ ದಾರ ಪೋಣಿಸುವಾಗ ಬೀಳುವಂಥದ್ದು, ಅದು ಹೋಗಿತ್ತು. ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಕೆಳಗಿನ ಸೊಟ್ಟ ಹಲ್ಲು ಕಾಣುತ್ತಿತ್ತು, ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದಳಲ್ಲ, ಅದೇ ಹಲ್ಲು. ಈಗ ಅಡ್ಡ ಹಿಡಿಯಲಿಲ್ಲ. ನರ್ಸ್ ತಲೆ ಬಾಚಿದ್ದಳು, ಪಾಪ ಒಳ್ಳೆಯ ಹುಡುಗಿ, ಆದರೆ ಬೈತಲೆ ಬೇರೆ ಬದಿಗೆ ತೆಗೆದಿದ್ದಳು. ಯಾರೋ ಬೇರೆಯವರ ಹಾಗೆ ಕಂಡಿತು. ಬಾಚಣಿಗೆ ಕೇಳಲು ಸಂಕೋಚವಾಯಿತು. ಬೆರಳಿನಿಂದಲೇ ಕೂದಲನ್ನು ಅದರ ಬದಿಗೆ ತಂದೆ. ಆಮೇಲೆ ಅವಳೇ ಆದಳು.

ಎಡಗೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು. ಮಧ್ಯಾಹ್ನ ಮಲಗಿ ಎದ್ದಾಗ ಬೀಳುತ್ತಿತ್ತಲ್ಲ, ಕಿವಿಯಿಂದ ಬಾಯಿಯವರೆಗೆ, ಹಾಗೇ. ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಅದು ಮಾಯವಾಗಿರುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಈಗ ಹೋಗುತ್ತದೆ, ಇನ್ನೇನು ಹೋಗುತ್ತದೆ ಎಂದು ಕಾದೆ. ಹೆಬ್ಬೆರಳಿನಿಂದ ಒಮ್ಮೆ ಸವರಿಯೂ ನೋಡಿದೆ.

ನರ್ಸ್ ಬಂದು ಬಾಗಿಲಲ್ಲಿ ನಿಂತಳು. "ಅಂಕಲ್, ಈ ಹಾಸಿಗೆಗೆ ಹೊರಗಡೆ ಒಬ್ರು ಕಾಯ್ತಿದ್ದಾರೆ" ಎಂದಳು. ಆ ಹೊತ್ತಿನಲ್ಲಿ ಇನ್ನೊಬ್ಬನಾಗಿದ್ದರೆ ಕಾಯಲಿ ಬಿಡಿ ಎನ್ನುತ್ತಿದ್ದನೋ ಏನೋ. ನಾನು ಎದ್ದೆ. ಹಾಗೆ ಎದ್ದು ಬರಬಾರದಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ನನಗೆ ಬರುವುದೇ ಅದೊಂದು.

ಏಳುವಾಗ ಏನಾದರೂ ಹೇಳಬೇಕು ಅನಿಸಿತು. ಬೇರೇನೂ ತೋಚಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ, "ರಸ್ತೆ ಖಾಲಿ ಇದೆ, ಮಲ್ಕೋ" ಎಂದೆ.

ಗೆರೆ ಹಾಗೇ ಇತ್ತು.

ಸೀಟನ್ನು ಇನ್ನೂ ಹಿಂದೆ ಸರಿಸಿಲ್ಲ.

ಅಪ್ಪ